ಮಂಚದ ಕೆಳಗಿನ ಮರದ ತುಂಡುಗಳು

ಡ್ರೈವರ್ ಮಾವನ ಮಂಚದ ಕೆಳಗೆ ಎರಡು ಮರದ ತುಂಡುಗಳಿದ್ದವು. ಇಳಿಜಾರಿನಲ್ಲಿ ಲಾರಿ ನಿಲ್ಲಿಸಿದಾಗ ಚಕ್ರಕ್ಕೆ ಅಡ್ಡ ಕೊಡುವಂಥವು, ಮೂವತ್ತೊಂದು ವರ್ಷ ಎಣ್ಣೆ ಕುಡಿದು ಕರ್ರಗಾದಂಥವು. ಬಲಗಣ್ಣು ಮಂಜಾಗಿ ಲೈಸೆನ್ಸ್ ಹೋಗಿ ಎರಡು ವರ್ಷವಾಗಿತ್ತು. ಮಾಲೀಕರಿಗೆ ಕೀಲಿ ಕೊಟ್ಟುಬಂದ, ಜ್ಯಾಕು ಕೊಟ್ಟುಬಂದ, ಇವೆರಡನ್ನು ಮಾತ್ರ ಕೊಡಲಿಲ್ಲ. ಕಣ್ಣು ಸರಿಹೋಗಿ ಮತ್ತೆ ಗಾಡಿ ಹತ್ತಿದ ದಿನ ಬೇಕಾಗುತ್ತಲ್ಲ! ಅದು ಸರಿಹೋಗುವ ಕಣ್ಣಲ್ಲ ಎಂದು ಡಾಕ್ಟರು ಮೂರು ಸಲ ಹೇಳಿದ್ದರು. ಮೂರು ಸಲವೂ ಮಾವ ಕಿವಿಗೆ ಹಾಕಿಕೊಳ್ಳಲಿಲ್ಲ. ಕಸ ಗುಡಿಸುವಾಗ ಯಾರಾದರೂ ಆ ತುಂಡು ಸರಿಸಿದರೂ ಸಾಕು, ದೊಡ್ಡ ರಂಪ ಮಾಡುತ್ತಿದ್ದ.

ಸೊಸೆ ಕೃತಕ ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಸಂಜೆ ಮನೆಗೆ ಬಂದವಳೇ ಕಂಪ್ಯೂಟರ್ ಮುಂದೆ ಕೂತು ರೇಸ್ ಕಾರು ಓಡಿಸುತ್ತಿದ್ದಳು. ಹಳೇ ಮೇಜಿಗೆ ಬಿಗಿದ ಸೆಕೆಂಡ್ ಹ್ಯಾಂಡ್ ಸ್ಟೇರಿಂಗು, ನೆಲದ ಮೇಲೊಂದು ಹಲಗೆ, ಹಲಗೆಯ ತುದಿಗೆ ಪ್ಲಾಸ್ಟಿಕ್ ಪೆಡಲು, ಕೂರುವುದಕ್ಕೆ ಐದು ಗಾಲಿಯ ಆಫೀಸ್ ಕುರ್ಚಿ.

"ಗಾಡಿ ಇಲ್ಲ, ರಸ್ತೆ ಇಲ್ಲ. ಅದೇನು ಓಡಿಸ್ತೀಯೋ ತಾಯಿ!" ಎಂದು ಮಾವ ದಿನಾ ಛೇಡಿಸುತ್ತಿದ್ದ. ಛೇಡಿಸುತ್ತಲೇ ಚಹಾದ ಲೋಟ ಹಿಡಿದು ಅವಳ ಹಿಂದೆ ಬಂದು ಕೂರುತ್ತಿದ್ದ.

ಅವಳು ಸೇರಬೇಕೆಂದಿದ್ದ ಆನ್‌ಲೈನ್ ರೇಸ್ ತಂಡದಲ್ಲಿ ಒಂದೇ ಜಾಗ ಖಾಲಿಯಿತ್ತು. ಭಾನುವಾರದೊಳಗೆ ಒಂದು ಸುತ್ತನ್ನು ಒಂದು ನಿಮಿಷ ಐವತ್ತೆರಡು ಸೆಕೆಂಡಿಗಿಂತ ಬೇಗ ಮುಗಿಸಬೇಕು. ಅರ್ಧ ಸೆಕೆಂಡು ಹೆಚ್ಚಾಗುತ್ತಿತ್ತು, ಏನು ಮಾಡಿದರೂ ಇಳಿಯುತ್ತಿರಲಿಲ್ಲ.

"ಇನ್ನು ಹೊಸ ಸ್ಟೇರಿಂಗೇ ಗತಿ ಮಾವ. ಕೂಡಿಟ್ಟಿದ್ದೆಲ್ಲ ಹಾಕಿದ್ರೆ ಅದೊಂದು ಬರುತ್ತೆ," ಎಂದಳು ಶುಕ್ರವಾರ.

ಮಾವನಿಗೆ ತಡೆಯಲಾಗಲಿಲ್ಲ. ತಪ್ಪು ಎಲ್ಲಿದೆಯೆಂದು ಎರಡು ದಿನದಿಂದ ಗೊತ್ತಿದ್ದೂ ಹಟಕ್ಕೆ ತುಟಿ ಬಿಚ್ಚದೆ ಕೂತಿದ್ದ, ಪುಣ್ಯಾತ್ಮ!

"ಸ್ಟೇರಿಂಗ್ ಏನು ಪಾಪ ಮಾಡಿದೆ? ದೊಡ್ಡ ತಿರುವಲ್ಲಿ ದಿನಾ ಆಚೆ ಹೋಗ್ತೀಯ. ತಪ್ಪಿರೋದು ಕಾಲಲ್ಲಿ." ಮಂಡಿಯೂರಿ ಬ್ರೇಕನ್ನು ಕೈಯಿಂದ ಒತ್ತಿ ನೋಡಿದ. "ಇದೇನು ಬ್ರೇಕೋ ಬೆಣ್ಣೆಯೋ? ಪೆಡಲ್ ಎಷ್ಟು ದೂರ ಹೋಯ್ತು ಅಂತ ಕಾಲಿಗೆ ತಿಳಿಯಲ್ಲ ಕಣಮ್ಮ, ಎಷ್ಟು ಭಾರ ಬಿತ್ತು ಅಂತ ತಿಳಿಯುತ್ತೆ."

"ಭಾರ ಅಳೆಯೋ ಪೆಡಲೇ ಬೇರೆ ಬರುತ್ತೆ ಮಾವ. ಅದಕ್ಕೂ ದುಡ್ಡು ಬೇಕು."

"ಮೊದಲು ಇದನ್ನ ನೋಡು, ಆಮೇಲೆ ಅಂಗಡಿ."

ತನ್ನ ಹಳೇ ಪೆಟ್ಟಿಗೆಯಿಂದ ಗಟ್ಟಿ ರಬ್ಬರಿನ ತುಂಡೊಂದನ್ನು ತೆಗೆದು, ಕೊಯ್ದು, ಪೆಡಲಿನ ಹಿಂದೆ ಸಿಕ್ಕಿಸಿದ. ಪೆಡಲು ಈಗ ಎಷ್ಟು ಒಳಗೆ ಹೋಗುತ್ತದೋ ಅಷ್ಟನ್ನೇ ಪೂರ್ತಿ ಬ್ರೇಕ್ ಎಂದು ಅವಳು ಕಂಪ್ಯೂಟರಿನಲ್ಲಿ ಹೊಂದಿಸಿದಳು. ಆದರೆ ಮಾವನದು ಮೂವತ್ತೊಂದು ವರ್ಷ ಲಾರಿ ತುಳಿದ ಕಾಲು, ರಬ್ಬರಿನ ಅಳತೆಯೂ ಲಾರಿಯದ್ದೇ! ತಿರುವು ಬಂತು, ಸೊಸೆ ಬಲವಾಗಿ ಒತ್ತಿದಳು. ಕಾರು ನಿಂತಿತು, ಕುರ್ಚಿ ಹೊರಟಿತು. ಹಿಂದಕ್ಕೆ ಜಾರಿ ಬೀರುವಿಗೆ ಢಿಕ್ಕಿ ಹೊಡೆಯಿತು, ಅದರ ಮೇಲಿಟ್ಟಿದ್ದ ಹಪ್ಪಳದ ಡಬ್ಬ ಅವಳ ಮಡಿಲಿಗೇ ಬಿತ್ತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮಾವ ರಬ್ಬರನ್ನು ಅರ್ಧಕ್ಕೆ ಕೊಯ್ದ. ಬ್ರೇಕು ಹದಕ್ಕೆ ಬಂತು, ಕುರ್ಚಿ ಮಾತ್ರ ಜಾರುವುದನ್ನು ಬಿಡಲಿಲ್ಲ. ಶನಿವಾರ ಅದನ್ನು ಹಗ್ಗದಿಂದ ಮೇಜಿಗೆ ಕಟ್ಟಿದರು. ಮೇಜೂ ಜೊತೆಗೇ ಬಂತು.

"ಗಾಲಿಗೆ ಅಡ್ಡ ಕೊಡಬೇಕು," ಎಂದುಬಿಟ್ಟ ಮಾವ, ಬಾಯಿ ತಪ್ಪಿ. ಮಂಚದ ಕೆಳಗೆ ಏನಿದೆಯೆಂದು ಅವಳಿಗೂ ಗೊತ್ತಿತ್ತು, ಆದರೆ ಅವಳು ಅತ್ತ ನೋಡಲೇ ಇಲ್ಲ.

"ಎಲ್ಲಾದ್ರೂ ಇಟ್ಟಿಗೆ ಸಿಗುತ್ತಾ ನೋಡ್ತೀನಿ," ಎಂದಳು.

ಆ ಮಾತಿಗೆ ಮಾವನಿಗೆ ನಾಚಿಕೆಯಾಯಿತು. ಕೊಟ್ಟರೇನಂತೆ, ಬೇಕಾದಾಗ ವಾಪಸ್ ತೆಗೆದುಕೊಂಡರಾಯಿತು ಎಂದುಕೊಂಡು ಎದ್ದು ಹೋಗಿ ತುಂಡುಗಳನ್ನು ತಂದ. ನುಣುಪು ನೆಲದ ಮೇಲೆ ಅವೂ ಜಾರಿದವು. ಪೆಡಲಿನ ಹಲಗೆಯನ್ನೇ ಕುರ್ಚಿಯ ಕೆಳಗಿನವರೆಗೂ ಉದ್ದ ಮಾಡಿ, ಅದಕ್ಕೆ ಇವನ್ನು ಸ್ಕ್ರೂ ಹಾಕಿ ಬಿಗಿಯದೆ ಬೇರೆ ದಾರಿಯಿರಲಿಲ್ಲ. ಸೊಸೆ ಡ್ರಿಲ್ ಎತ್ತಿಕೊಂಡಳು, ಹಾಗೇ ಕೆಳಗಿಟ್ಟಳು.

"ಬೇಡ ಮಾವ. ಗಾಲಿಗೆ ಹೊಂದೋ ಹಾಗೆ ಕೊಯ್ದು ತೂತು ಮಾಡಿದ್ರೆ, ಆಮೇಲೆ ಲಾರಿಗೆ ಬರಲ್ಲ."

ಮಾವ ತುಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಟೈರು ಒತ್ತಿ ಒತ್ತಿ ಒಂದು ಕಡೆ ಗುಳಿ ಬಿದ್ದಿತ್ತು.

"ಯಾವ ಲಾರಿಗೆ?" ಎಂದ. ತುಂಡನ್ನು ಅವಳ ಮುಂದಿಟ್ಟ. "ಕೊರಿ ತಾಯಿ."

ಮೊದಲು ಕಪ್ಪು ಪುಡಿ ಬಂತು, ಆಮೇಲೆ ಬಿಳಿ ಪುಡಿ. ಒಳಗೆ ಮರ ಹೊಸದರಂತೆಯೇ ಇತ್ತು. ಮಾವ ಆ ಬಿಳಿ ಪುಡಿಯನ್ನು ಬೆರಳಲ್ಲಿ ತೆಗೆದು ಮೂಸಿದ.

ಭಾನುವಾರ ಮಧ್ಯಾಹ್ನ ಸೊಸೆ ಒಂದು ನಿಮಿಷ ಐವತ್ತೊಂದು ಮುಕ್ಕಾಲು ಸೆಕೆಂಡಿಗೆ ಸುತ್ತು ಮುಗಿಸಿ, ಪಕ್ಕದ ಮನೆಯವರು ಕಿಟಕಿ ತೆರೆಯುವಂತೆ ಕೂಗಿದಳು. ಕುರ್ಚಿ ಒಂದಿಂಚೂ ಅಲುಗಿರಲಿಲ್ಲ.

"ಈಗ ನೀವು ಕೂತ್ಕೊಳ್ಳಿ," ಎಂದಳು, ಎದ್ದು ನಿಂತು.

"ಸುಮ್ನಿರು. ಒಂಟಿ ಕಣ್ಣಿನವನು ನಾನು."

"ಇಲ್ಲಿ ಯಾರೂ ಲೈಸೆನ್ಸ್ ಕೇಳಲ್ಲ ಮಾವ."

ಮಾವ ಕೂತ. ಅಂಗೈ ಪಂಚೆಗೆ ಒರೆಸಿ ಸ್ಟೇರಿಂಗ್ ಹಿಡಿದ. ಇಲ್ಲದ ಕನ್ನಡಿಗಾಗಿ ಎಡಕ್ಕೂ ಬಲಕ್ಕೂ ನೋಡಿದ. ಬಹಳ ಹೊತ್ತು ಏನೋ ತಡಕಾಡಿದ.

"ಹಾರ್ನ್ ಎಲ್ಲಿದೆ?"

"ರೇಸ್ ಕಾರಿಗೆ ಹಾರ್ನ್ ಇರಲ್ಲ ಮಾವ."

"ಹಾರ್ನ್ ಇಲ್ಲದ ಗಾಡಿ ನಾನು ಓಡಿಸಲ್ಲ," ಎಂದ ಮಾವ. ಕೈ ಮಾತ್ರ ಸ್ಟೇರಿಂಗ್ ಬಿಡಲಿಲ್ಲ.

ಹೊಸ ಸ್ಟೇರಿಂಗಿಗೆಂದು ಕೂಡಿಟ್ಟಿದ್ದ ದುಡ್ಡಿನಲ್ಲಿ ಸೊಸೆ ಸೋಮವಾರ ತಂದದ್ದು ಒಂದೇ ಒಂದು ಸಾಮಾನು: ಲಾರಿಯ ಹಾರ್ನಿನ ಗುಂಡಿ.