ಗುಡಾಣದ ಮುಚ್ಚಳ

ಗುಡಾಣದೊಳಗೆ ಕೈಯಿಟ್ಟ ಹಾಜಿರಾಬಿ ಕಿರುಚಿ ಹಿಂದಕ್ಕೆ ಸರಿದಳು. ಮೈತುಂಬ ರಾಗಿಹಿಟ್ಟು ಬಳಿದುಕೊಂಡ ಇಲಿಯೊಂದು ಅವಳ ಮೊಣಕೈ ಹತ್ತಿ, ಒಲೆ ಹಾರಿ, ನೆಲದ ಮೇಲೆ ಹಿಟ್ಟಿನ ಹೆಜ್ಜೆ ಮೂಡಿಸುತ್ತ ಬಾಗಿಲಾಚೆ ಓಡಿತು. ಗುಡಾಣದ ಬಾಯಿಗೆ ಮುಚ್ಚಿದ್ದ ಮೊರದಲ್ಲಿ ಮುಷ್ಟಿ ಹೋಗುವಷ್ಟು ತೂತು. ಈ ವರ್ಷ ಇದು ಮೂರನೆಯ ಮೊರ.

ಸೆರಗನ್ನು ತಲೆಗೆ ಎಳೆದುಕೊಂಡು, ಆ ಮೊರವನ್ನೇ ಹಿಡಿದು ಅವಳು ಮುಂದಿನ ಕೊಟ್ಟಿಗೆಗೆ ನಡೆದಳು. ಗಂಡ ಅಬ್ದುಲ್ ಅಜೀಜ್ ಅಲ್ಲಿ ಗಾಡಿಯ ಚಕ್ರ ಕೂಡಿಸುತ್ತಿದ್ದ. ಅವನ ಕೈಯ ಗಾಡಿ ಬೇಕೆಂದು ಪಿರಿಯಾಪಟ್ಟಣದ ಕಡೆಯವರೂ ಹುಣಸೂರಿಗೆ ಹುಡುಕಿಕೊಂಡು ಬರುತ್ತಿದ್ದರು. ಅವನ ಹೆಂಡತಿ ಮಾತ್ರ ಒಂದು ಮರದ ಮುಚ್ಚಳಕ್ಕಾಗಿ ಆರು ವರ್ಷದಿಂದ ಕಾಯುತ್ತಿದ್ದಳು.

"ನಾಳೆ ಮಾಡ್ಕೊಡ್ತೀನಿ ಅಂದೆನಲ್ಲ," ಎಂದ ಅಜೀಜ್, ತಲೆ ಎತ್ತದೆ.

"ಆ ನಾಳೆ ಬರೋ ಹೊತ್ಗೆ ಇಲಿಗಳಿಗೆ ಮೊಮ್ಮಕ್ಕಳಾಗ್ತವೆ. ನಾನೇ ಮಾಡ್ಕೋತೀನಿ ಬಿಡಿ."

ಗಾಡಿ ಮಾಡಲು ಕೊಟ್ಟಿದ್ದ ಬೆಟ್ಟದಪುರದ ವೀರಭದ್ರಸ್ವಾಮಿ ಪಕ್ಕದಲ್ಲೇ ಕೂತಿದ್ದ. ಅವನು ಕಿಸಕ್ಕನೆ ನಕ್ಕ. ಅಜೀಜನಿಗೂ ಹುರುಪು ಬಂತು. "ಮಾಡು, ಮಾಡು. ನೀನು ಮುಚ್ಚಳ ಮಾಡಿದ ದಿನ ನಾನು ಮುದ್ದೆ ತೊಳಸ್ತೀನಿ. ಮಾಡಕ್ಕಾಗದೆ ಹೋದ್ರೆ ಇನ್ನು ಯಾವತ್ತೂ ಮುಚ್ಚಳದ ಸುದ್ದಿ ಎತ್ತಬಾರ್ದು."

"ಆಗ್ಲಿ. ಸ್ವಾಮಿಯೋರೇ ಸಾಕ್ಷಿ."

"ನನ್ನ್ಯಾಕವ್ವಾ ನಡುವೆ ಎಳೀತೀಯ? ನಂಗೆ ಗಾಡಿ ಆದ್ರೆ ಸಾಕು ಕಣವ್ವ," ಎಂದ ವೀರಭದ್ರಸ್ವಾಮಿ.

ಮಾರನೆಯ ಬೆಳಿಗ್ಗೆ ಅಜೀಜ್ ಕೃಷ್ಣರಾಜನಗರದ ಆಲೆಮನೆಯೊಂದರ ಕೆಲಸಕ್ಕೆಂದು ಐದು ದಿನದ ಮಟ್ಟಿಗೆ ಹೊರಟುಹೋದ. ಅವನು ಬೀದಿ ತಿರುಗಿದ್ದೇ ತಡ, ಹಾಜಿರಾಬಿ ಮಾವಿನ ಹಲಗೆಯೊಂದನ್ನು ಹಿತ್ತಿಲಿಗೆ ಎಳೆದು ತಂದಳು. ಗರಗಸ ನಾಲ್ಕು ಸಲ ಓಡಿ ಐದನೆಯ ಸಲ ಕಚ್ಚಿಕೊಂಡಿತು. ಎಳೆದರೆ ಬಾರದು, ತಳ್ಳಿದರೆ ಅರಚುತ್ತದೆ.

ಗೋಡೆಯ ಆಚೆಯಿಂದ ಶಿವನಂಜಮ್ಮನ ತಲೆ ಮೇಲೆದ್ದಿತು. "ಏನ್ ಆಜಿರಾಬಿ, ಕತ್ತೆ ಗಿತ್ತೆ ಸಾಕಿದ್ದೀಯಾ?"

"ಮುಚ್ಚಳ ಮಾಡ್ತಿದೀನಿ ಅಕ್ಕಾ."

"ಯಾರ್ಗೆ, ಗಂಡನ ಬಾಯ್ಗಾ?"

"ಅದಕ್ಕೆ ಇಷ್ಟು ಸಣ್ಣ ಹಲಗೆ ಸಾಲಲ್ಲ."

ಮಧ್ಯಾಹ್ನದ ಹೊತ್ತಿಗೆ ಅಂಗೈಯಲ್ಲಿ ಎರಡು ಬೊಕ್ಕೆ ಎದ್ದಿದ್ದವು, ಹಲಗೆ ಒಂದು ಗೇಣೂ ಕುಯ್ದಾಗಿರಲಿಲ್ಲ. ಆಗ ಅವಳಿಗೆ ಹೊಳೆಯಿತು. ಕೆಂಪಗೆ ಕಾದ ಕಬ್ಬಿಣದ ಬಳೆಯನ್ನು ಚಕ್ರಕ್ಕೆ ತೊಡಿಸಿ ಕೊಡಗಟ್ಟಲೆ ನೀರು ಸುರಿಯುವುದನ್ನು ಅವಳು ಅಡುಗೆಮನೆ ಬಾಗಿಲಿಂದ ಎಷ್ಟು ಸಲ ನೋಡಿಲ್ಲ! ನೀರು ಬಿದ್ದೊಡನೆ ಚಕ್ರವೆಲ್ಲ ಕಿರ್ರೆಂದು ಬಿಗಿದು ಕೂರುತ್ತಿತ್ತು. ಮರಕ್ಕೆ ಬುದ್ಧಿ ಬರುವುದೇ ನೀರಿನಿಂದ. ಅಲ್ಲದೆ, ನೆನೆಹಾಕಿದರೆ ಕಡಲೆಯೇ ಮೆತ್ತಗಾಗುವಾಗ ಈ ಹಲಗೆಯದೇನು ಹೆಚ್ಚುಗಾರಿಕೆ?

ಎರಡು ದಿನ ಹಲಗೆ ಬಚ್ಚಲ ತೊಟ್ಟಿಯಲ್ಲಿ ಕಲ್ಲು ಹೊತ್ತು ಮಲಗಿತು. ಮೂರನೆಯ ದಿನ ಗರಗಸ ಕುಂಬಳಕಾಯಿ ಹೋಳು ಮಾಡಿದಂತೆ ಓಡಿತು. ಇದ್ದಿಲಲ್ಲಿ ಗುಂಡಗೆ ಗೆರೆ ಎಳೆದು ಅಂಚನ್ನು ಉಳಿಯಿಂದ ಕೆತ್ತುವಾಗ ಒಂದೇ ಒಂದು ಏಟು ತಪ್ಪಿ ಕೆಳಗಿನ ಕಲ್ಲಿಗೆ ಬಡಿಯಿತು. ಉಳಿಯ ಬಾಯಲ್ಲಿ ಎಳ್ಳಿನಷ್ಟು ಮುಕ್ಕು. ಅಜೀಜ್ ಯಾರಿಗೂ ಮುಟ್ಟಗೊಡದ, ಅವನ ಅಪ್ಪನ ಕಾಲದ ಉಳಿ ಅದು. ಆದರೆ ಮುಚ್ಚಳ ಗುಡಾಣದ ಬಾಯಿಗೆ ಅಳತೆ ಹಿಡಿದಂತೆ ಕೂತಿತ್ತು.

ಸ್ವಲ್ಪ ಒಣಗಲಿ ಎಂದು ಮಾರನೆಯ ದಿನ ಬಿಸಿಲಿಗಿಟ್ಟಳು. ಸಂಜೆ ನೋಡಿದರೆ ಅದು ಸುಟ್ಟ ಹಪ್ಪಳದಂತೆ ಮೇಲೆದ್ದಿತ್ತು, ಒಂದು ಪಕ್ಕ ಕುಗ್ಗಿತ್ತು. ಗುಡಾಣದ ಮೇಲಿಟ್ಟರೆ ಜಾರಿ ದೊಪ್ಪೆಂದು ಒಳಗೆ ಬಿತ್ತು. ಹಿಟ್ಟೆಲ್ಲ ಎದ್ದು ಅವಳ ಮುಖ ಮುಚ್ಚಿತು.

"ಹಾಳಾದ್ದೇ! ಸೊಟ್ಟ ಕೊಂಬೆಗೆ ಹುಟ್ಟಿದ್ದೇ! ಒಲೆಗೆ ಹಾಕಿದ್ರೂ ನೀನು ಹೊಗೆಯೇ ಹೊರತು ಉರಿಯೋದಲ್ಲ!"

ಶಿವನಂಜಮ್ಮ ಇಣುಕಿದಳು. ಈ ಸಲ ನಗಲಿಲ್ಲ. ಒಳಗೆ ಹೋಗಿ ತನ್ನ ಹಿತ್ತಾಳೆ ಹರಿವಾಣ ತಂದು ಗೋಡೆಯ ಮೇಲಿಂದ ಚಾಚಿದಳು. "ಇವತ್ಗೆ ಇದ ಮುಚ್ಚು. ಇಲಿಯಲ್ಲ, ಅದ್ರಪ್ಪ ಬಂದ್ರೂ ಅಲ್ಲು ಮುರ್ಕಂಡು ಓಯ್ತದೆ. ಮೊಕ ತೊಳ್ಕ ಓಗು."

ಮರುದಿನ ಬೆಳಿಗ್ಗೆ ಅಜೀಜ್ ಬಂದ. ಜಗಲಿಯ ಮೇಲಿದ್ದ ಮುಚ್ಚಳವನ್ನು ತಿರುಗಿಸಿ ನೋಡಿದ, ಗೆಣ್ಣಿನಿಂದ ತಟ್ಟಿದ, ಮೂಸಿದ.

"ನೆನೆಹಾಕಿದ್ಯಾ?"

"ನೀವು ಚಕ್ರಕ್ಕೆ ನೀರು ಹುಯ್ಯಲ್ವಾ?"

ಅವನ ಮೀಸೆಯಡಿ ನಗು ಎದ್ದಿತು. ಅಷ್ಟರಲ್ಲಿ ಅವಳ ಅಂಗೈಯ ಬೊಕ್ಕೆ ಕಂಡಿತು. "ಅದು ಕಬ್ಬಿಣಕ್ಕೆ ಹುಯ್ಯೋದು, ಹಾಜಿರಾ," ಎಂದ ಮೆಲ್ಲಗೆ. ಆಮೇಲೆ ಉಳಿ ಎತ್ತಿಕೊಂಡ. ಮುಕ್ಕಿನ ಮೇಲೆ ಹೆಬ್ಬೆರಳಾಡಿಸಿದ.

"ಸೋತೆ. ಇನ್ನು ಮುಚ್ಚಳದ ಮಾತೆತ್ತಲ್ಲ. ಸಾಕಾಯ್ತಲ್ಲ?" ಎಂದಳು ಅವಳು, ನೆಲ ನೋಡುತ್ತ.

ಅಜೀಜ್ ಕೊಟ್ಟಿಗೆಗೆ ಹೋಗಿ ಒಣಗಿದ ತೇಗದ ಪಟ್ಟಿ ಎರಡು, ಬೈರಿಗೆ, ಒಂದು ಹಿಡಿ ಬಿದಿರಿನ ಮೊಳೆ ತಂದು ಅವಳ ಮುಂದಿಟ್ಟ. ಮಹಾಯುದ್ಧ ಶುರುವಾದಾಗಿನಿಂದ ಕಬ್ಬಿಣದ ಮೊಳೆ ಸಿಗುತ್ತಿರಲಿಲ್ಲ.

"ಕೆಲಸ ಮುಗಿಯೋ ಮುಂಚೆ ಸೋತೆ ಅಂದ್ರೆ ಹೆಂಗೆ? ಗುಡಾಣದ ಬಾಯಿಗಿಂತ ಉದ್ದ ಇವೆ ಇವು. ಮೇಲೆ ಅಡ್ಡಕ್ಕೆ ಹೊಡಿ, ಒಳಗೆ ಬೀಳಲ್ಲ."

"ನೀವೇ ಹೊಡೀರಿ."

"ನನ್ನ ಕೆಲಸವಲ್ಲ ಅದು."

ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ವೀರಭದ್ರಸ್ವಾಮಿ. "ಸಾಯಬ್ರೇ, ನನ್ ಗಾಡಿ?"

"ಸ್ವಲ್ಪ ಕೂತ್ಕೊಳ್ಳಿ ಸ್ವಾಮಿಯೋರೇ. ಮೇಸ್ತ್ರಿ ಕೆಲಸದಲ್ಲಿ ಅವ್ರೆ."

ಸ್ವಾಮಿ ಕತ್ತು ಚಾಚಿ ನೋಡಿದ. ಟವಲು ಕೊಡವಿ ಜಗಲಿಯ ಮೇಲೆ ಹಾಸಿಕೊಂಡು ಕೂತ. "ಅಂಗಾದ್ರೆ ನಿಧಾನಕ್ಕೇ ಆಗ್ಲಿ ಬುಡಿ. ಮುದ್ದೆಗೆ ಎಸರು ಯಾವಾಗ ಇಡ್ತೀರಿ?"

ಹಾಜಿರಾಬಿ ಬೈರಿಗೆಯಿಂದ ತೂತು ತೆಗೆದು ಮೊದಲ ಮೊಳೆ ಇಟ್ಟಳು. ಸೊಟ್ಟ ಮುಚ್ಚಳ ಅಲುಗಾಡಿತು. ಅಜೀಜ್ ಕುಕ್ಕರಗಾಲಲ್ಲಿ ಕೂತು, ತನ್ನ ಕೈಕೆಳಗಿನ ಆಳುಗಳು ಮಾಡುವಂತೆ, ಮೇಲೆದ್ದ ಅಂಚನ್ನು ಬರಿಗಾಲಿನಿಂದ ಅದುಮಿ ಹಿಡಿದ. ಅವಳು ಕೊಡತಿ ಎತ್ತಿದಳು. ಮೊದಲ ಏಟು ಮೊಳೆ ತಪ್ಪಿ ಅವನ ಕಾಲಿನ ಹೆಬ್ಬೆರಳಿನ ಪಕ್ಕಕ್ಕೇ ಬಿತ್ತು.

ಅವನು ಕಾಲು ತೆಗೆಯಲಿಲ್ಲ.