ಇದರಲ್ಲಿ ಕೂರೋರು ಯಾರು?

ಈಗ ಯಾರು ಕುರ್ಚಿ ರಿಪೇರಿಗೆ ತಂದರೂ ನಮ್ಮವರು ಮೊದಲು ಕೇಳುವುದು, “ಇದರಲ್ಲಿ ಕೂರೋರು ಯಾರು?” ಎಂದು. ಇವರಿಗೆ ತಲೆ ನೆಟ್ಟಗಿದೆಯೇ ಎಂಬಂತೆ ಗಿರಾಕಿಗಳು ನನ್ನ ಕಡೆ ನೋಡುತ್ತಾರೆ. ನಾನು ಹೊಲಿಗೆ ಯಂತ್ರದ ಮೇಲೆ ಬಗ್ಗಿ ನಗು ನುಂಗಿಕೊಳ್ಳುತ್ತೇನೆ.

ಮೊದಲು ಹೀಗಿರಲಿಲ್ಲ. ಆಗ ನಮ್ಮವರು ಯಾರನ್ನೂ ಏನೂ ಕೇಳುತ್ತಿರಲಿಲ್ಲ, ಮುಖ ನೋಡಿದರೆ ಸಾಕಿತ್ತು. ಮೆಟ್ಟಿಲು ಹತ್ತುವವರ ಚಪ್ಪಲಿ ಕಂಡ ಕೂಡಲೇ ಇವರು ಚೌಕಾಸಿಯವರು, ಇವರು ಸುಮ್ಮನೆ ಬೆಲೆ ಕೇಳಿ ಹೋಗುವವರು, ಇವರು ಬಣ್ಣ ಆರಿಸುತ್ತಾ ನಮ್ಮ ತಲೆ ತಿನ್ನುವವರು ಎಂದು ನನ್ನ ಕಿವಿಯಲ್ಲಿ ಊದುತ್ತಿದ್ದರು. ಕುರ್ಚಿ ಸೋಫಾಗಳ ಒಳಗಿನ ಕೆಲಸ ಅವರದು, ಮೇಲಿನ ಬಟ್ಟೆ ಹೊಲಿಯುವುದು ನನ್ನದು. ಹೂಂಗುಟ್ಟುವ ಕೆಲಸವೂ ನನ್ನದೇ ಆಗಿತ್ತು.

ಒಂದು ದಿನ ಒಬ್ಬ ಹೆಂಗಸು ಕೈಗಾಡಿಯಲ್ಲಿ ಹಳೆಯ ಕುರ್ಚಿಯೊಂದನ್ನು ತಳ್ಳಿಕೊಂಡು ಬಂದರು. ಅವರ ಅಂಗಿಯ ತೋಳಿಗೆ ತೇಪೆ ಹಾಕಿತ್ತು. ಕುರ್ಚಿಯೋ, ದೇವರಿಗೇ ಪ್ರೀತಿ. ಎಡಗಡೆ ಕುಸಿದು ಹಳ್ಳವಾಗಿತ್ತು, ಬಲಗಡೆ ಉಬ್ಬಿತ್ತು, ಬೆನ್ನಿಗೆ ಒರಗುವ ಕಡೆ ಒಂದು ದೊಡ್ಡ ಗಂಟು.

“ಬಟ್ಟೆ ಮಾತ್ರ ಬದಲಾಯಿಸಿ. ಒಳಗೆ ಏನೂ ಮುಟ್ಟಬೇಡಿ,” ಎಂದರು.

ಯಾಕೆಂದು ನಮ್ಮವರು ಕೇಳಲಿಲ್ಲ. ಆಕೆ ಬೆನ್ನು ತಿರುಗಿಸಿದ್ದೇ ತಡ, “ಪಾಪ ಕಣೇ, ಕೈಯಲ್ಲಿ ಕಾಸಿಲ್ಲ. ಬಾಯಿಬಿಟ್ಟು ಹೇಳೋಕೆ ಸಂಕೋಚ. ಒಳಗಿಂದೂ ನಾವೇ ಮಾಡಿಕೊಡೋಣ, ಅದಕ್ಕೆ ದುಡ್ಡು ಬೇಡ,” ಎಂದರು.

“ಮುಟ್ಟಬೇಡಿ ಅಂದ್ರಲ್ಲ?”

“ನಿನಗೆ ಗೊತ್ತಾಗಲ್ಲ, ಸುಮ್ನಿರು.”

ಸುಮ್ಮನಿದ್ದೆ. ಗಂಡನ ಧಾರಾಳ ಕಂಡು ಒಳಗೊಳಗೇ ಹಿಗ್ಗೂ ಆಯಿತು.

ಕುರ್ಚಿ ಬಿಚ್ಚಿದರೆ ಒಳಗೆ ಸುತ್ತಿಟ್ಟ ಹಳೇ ಸ್ವೆಟರ್, ಮಡಚಿದ ಗೋಣಿ, ಸೈಕಲ್ ಟ್ಯೂಬಿನ ತುಂಡುಗಳು, ಹತ್ತಿ ತುಂಬಿದ ಒಂಟಿ ಕಾಲುಚೀಲ. “ಯಾವನೋ ಕೆಲಸ ಬರದವನು ಕೈಯಾಡಿಸಿದ್ದಾನೆ,” ಎಂದು ನಕ್ಕು ನಮ್ಮವರು ಅಷ್ಟನ್ನೂ ಕಸದ ಗಾಡಿಗೆ ಹಾಕಿದರು. ಹೊಸ ಸ್ಪ್ರಿಂಗ್, ಹೊಸ ಸ್ಪಂಜು ಕೂರಿಸಿದರು. ಮುಗಿದ ಮೇಲೆ ಕುರ್ಚಿಯ ಮೇಲೆ ನೀರಿನ ಲೋಟ ಇಟ್ಟು, ಒಂದು ಹನಿಯೂ ಚೆಲ್ಲದಿರುವುದನ್ನು ನನ್ನನ್ನು ಕರೆದು ತೋರಿಸಿದರು.

ಕುರ್ಚಿ ಮನೆಗೆ ಹೋದ ಮರುದಿನವೇ ಆಕೆ ಮತ್ತೆ ಬಂದರು. ಕೂಗಾಡಲಿಲ್ಲ. ಕೂಗಾಡಿದ್ದರೆ ನಮ್ಮವರೂ ದನಿ ಏರಿಸಿ ಗೆದ್ದುಬಿಡುತ್ತಿದ್ದರು.

“ಒಳಗಿದ್ದದ್ದೆಲ್ಲ ಎಲ್ಲಿ?”

“ಅದು ಬರೀ ಕಸ ಮೇಡಂ. ತೆಗೆದು ಹೊಸದು ಹಾಕಿದ್ದೀನಿ. ನಿಮ್ಮ ಹತ್ರ ಒಂದು ಪೈಸೆ ಜಾಸ್ತಿ ಕೇಳಲ್ಲ.”

“ನಾನು ಕಮ್ಮಿ ಮಾಡಿ ಅಂತ ಕೇಳಿದ್ನಾ?” ಎಂದರು ಆಕೆ. “ನನ್ನ ತಮ್ಮನ ಬೆನ್ನು ಹುಟ್ಟಿನಿಂದ ಸೊಟ್ಟ. ಆ ಕುರ್ಚಿ ಒಂದರಲ್ಲೇ ಅವನು ಜಾರದೆ ಕೂರ್ತಿದ್ದ. ನಮ್ಮಪ್ಪ ಅವನಿಗೆ ಸರಿಹೋಗೋ ಹಾಗೆ ಒಂದೊಂದಾಗಿ ತುಂಬಿದ್ರು. ಅಪ್ಪ ಈಗಿಲ್ಲ. ನಿನ್ನೆ ಕೂರಿಸಿದ್ರೆ ಬಿದ್ದುಬಿಟ್ಟ. ಈಗ ಸೂರು ನೋಡ್ಕೊಂಡು ಮಲಗಿದ್ದಾನೆ.”

ನಮ್ಮವರ ಮುಖ ಇಳಿದುಹೋಯಿತು. ನನಗೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು. ಕಸದ ಗಾಡಿ ಆಗಲೇ ಊರಾಚೆ ಸೇರಿತ್ತು.

ಸಾಮಾನು ಕಟ್ಟಿಕೊಂಡು ಆಗಲೇ ಅವರ ಮನೆಗೆ ಹೊರಟೆವು. ತಮ್ಮ ಎಂದರೆ ಯಾರೋ ಹುಡುಗ ಎಂದುಕೊಂಡಿದ್ದೆ. ಹಾಸಿಗೆಯಲ್ಲಿದ್ದದ್ದು ಕಿವಿಯ ಬಳಿ ಕೂದಲು ನರೆತ ಗಂಡಸು. ನಮ್ಮವರು ಅಳತೆ ಟೇಪು ಬಿಚ್ಚಿ ಅಕ್ಕನ ಕಡೆ ತಿರುಗಿ, “ಇವರಿಗೆ ಎಲ್ಲೆಲ್ಲಿ ಒತ್ತುತ್ತೆ?” ಎಂದರು.

“ಒತ್ತೋದು ನನಗೆ, ಕೇಳೋದು ಅವಳನ್ನಾ?” ಎಂದ ಆತ, ಮಲಗಿದ್ದಲ್ಲಿಂದಲೇ.

ನಮ್ಮವರು ಟೇಪನ್ನು ಜೇಬಿಗೆ ಹಾಕಿ ಹಾಸಿಗೆಯ ಪಕ್ಕ ಮೊಣಕಾಲೂರಿದರು. “ತಪ್ಪಾಯ್ತು. ನೀವೇ ಹೇಳಿ.”

ಹೊಸ ಸ್ಪ್ರಿಂಗುಗಳನ್ನು ತೆಗೆದು ಕುರ್ಚಿಯನ್ನು ಹಳೆಯ ಮಟ್ಟಕ್ಕೆ ಇಳಿಸಿದ್ದಾಯಿತು. ನಾನು ಸ್ಪಂಜಿನ ತುಂಡುಗಳಿಗೆ ಬಟ್ಟೆ ಸುತ್ತಿ ಹೊಲಿದು ಕೊಡುತ್ತಾ ಹೋದೆ.

“ಇಲ್ಲಿ ಸಾಕಾ?”

“ಇನ್ನೂ ಸ್ವಲ್ಪ.”

“ಈಗ?”

“ಅಯ್ಯೋ, ಕಮ್ಮಿ ಮಾಡಿ. ಬೆನ್ನು ಕಣ್ರೀ ಇದು, ಸೋಫಾ ಅಲ್ಲ.”

ಕೂರಿಸುವುದು, ಎತ್ತುವುದು, ತುಂಡು ಸರಿಸುವುದು, ಮತ್ತೆ ಕೂರಿಸುವುದು. ನಮ್ಮವರ ಅಂಗಿ ತೊಯ್ದು ತೊಪ್ಪೆಯಾಯಿತು. ಕೊನೆಗೆ ಆತ ಜಾರದೆ, ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು ಕೂತ. ನನಗೆ ಹೋದ ಜೀವ ಬಂದಂತಾಯಿತು.

“ಅಪ್ಪ ಮಾಡಿದ ಹಾಗೇ ಬಂತೇನೋ?” ಅಕ್ಕ ಕೇಳಿದರು.

“ಬಂತು. ಆದ್ರೆ ಹಾಗೇ ಬೇಡ.”

ಆಕೆ ಕಣ್ಣುಕಣ್ಣು ಬಿಟ್ಟರು.

“ನಿನ್ನೆ ಕುರ್ಚಿ ಎತ್ತರ ಆಗಿತ್ತಲ್ಲ, ಬೀಳೋಕೆ ಮುಂಚೆ ಒಂದು ಗಳಿಗೆ ಕಿಟಕಿಯಿಂದ ಬೀದಿ ಕಾಣಿಸ್ತು. ಇಷ್ಟು ವರ್ಷ ಎದುರು ಮನೆ ಚಾವಣಿ ಮಾತ್ರ ನೋಡಿದ್ದೀನಿ.”

“ಮೊದಲೇ ಯಾಕೋ ಹೇಳ್ಲಿಲ್ಲ?”

“ಅಪ್ಪ ಮಾಡಿದ್ದು ಅಂತ ನೀನು ಅಷ್ಟು ಜೋಪಾನ ಮಾಡ್ತಿದ್ದೆ. ನೀನು ಕೇಳ್ಲಿಲ್ಲ, ನನಗೆ ಬಾಯಿ ಬರಲಿಲ್ಲ.”

ಅಕ್ಕ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡು ತಮ್ಮನ ತಲೆಗೆ ಒಂದು ಮೊಟಕಿದರು.

“ಎಷ್ಟು ಎತ್ತರ ಬೇಕು?” ನಮ್ಮವರು ಕೇಳಿದರು. ಕೇಳಿ, ಉತ್ತರ ಬರುವ ತನಕ ಬಾಯಿ ಮುಚ್ಚಿಕೊಂಡು ಕಾದರು.

ಆತ ಕೈಯಲ್ಲಿ ತೋರಿಸಿದ. ಕುರ್ಚಿಯ ಕಾಲುಗಳ ಕೆಳಗೆ ಮರದ ತುಂಡುಗಳನ್ನು ಇಟ್ಟು ಮೊಳೆ ಹೊಡೆದರೆ ಮುಗಿಯಿತು. ಇಷ್ಟು ಸುಲಭದ ಕೆಲಸ ಅಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ಆತನನ್ನು ಮತ್ತೆ ಕೂರಿಸಿ ಎಲ್ಲರೂ ಕೈ ಬಿಟ್ಟೆವು. ಆತ ಕಿಟಕಿಯ ಕಡೆ ಕತ್ತು ತಿರುಗಿಸಿದ.

“ಅಕ್ಕಾ,” ಎಂದ ಆಮೇಲೆ, “ಎದುರು ಮನೆ ಬಾಗಿಲು ಹಸಿರು ಬಣ್ಣ ಕಣೇ!”