ಏರಿಯ ಮೇಲಿನ ಗಿಡಗಳು

ಕೆರೆ ಏರಿಯ ಹಿಂಬದಿಗೆ ಇಳಿದು ಕಾಲಿಟ್ಟದ್ದೇ ತಡ, ಪ್ರಮೀಳಾಳ ಚಪ್ಪಲಿ ಕೆಸರಿನಲ್ಲಿ ಹೂತುಕೊಂಡಿತು. ಎಳೆದರೆ ಪಾದ ಬಂತು, ಚಪ್ಪಲಿ ಬರಲಿಲ್ಲ. ಜೊತೆಗಿದ್ದ ರೂಪಶ್ರೀ ಬಗ್ಗಿ, ಕೈಹಾಕಿ ಅದನ್ನು ಕಿತ್ತುಕೊಟ್ಟಳು.

"ಹೋದ ಸೋಮವಾರ ಇಲ್ಲಿ ಒಣಗಿತ್ತು ಮಿಸ್. ನಾನು ಇಲ್ಲೇ ಕೂತ್ಕೊಂಡು ಕಳೆ ಕಿತ್ತಿದೀನಿ," ಎಂದಳು.

ಮಳೆ ನಿಂತು ವಾರವಾಗಿತ್ತು. ಆದರೂ ಬಸರಿ ಗಿಡದ ಬುಡದಿಂದ ಕೆಳಕ್ಕೆ, ಒಂದು ಚಾಪೆ ಹಾಸುವಷ್ಟು ಜಾಗ ಒದ್ದೆಯಾಗಿತ್ತು. ಏರಿಯ ಆ ಬದಿಗೆ ಕೆರೆ ಕಟ್ಟೆಯಂಚಿನವರೆಗೂ ತುಂಬಿ ನಿಂತಿತ್ತು. ಈ ಬದಿಗೆ ತೆಂಗಿನ ತೋಟ, ತೋಟದಾಚೆ ನಲವತ್ತು ಮನೆ. ಆ ನಲವತ್ತರಲ್ಲಿ ಒಂದು ರೂಪಶ್ರೀಯದು.

ಮೂರು ವರ್ಷದ ಹಿಂದೆ ಶಾಲೆಯ ಇಕೋ ಕ್ಲಬ್ಬಿನ ಮಕ್ಕಳು ಈ ಏರಿಯ ಮೇಲೆ ಅರವತ್ತು ಗಿಡ ನೆಟ್ಟಿದ್ದರು. ಆಗ ಕೆರೆಯಲ್ಲಿ ಹನಿ ನೀರಿರಲಿಲ್ಲ. ಹುಡುಗರು ಅದರ ನಡುಮಧ್ಯೆ ವಿಕೆಟ್ ನೆಟ್ಟು ಕ್ರಿಕೆಟ್ ಆಡುತ್ತಿದ್ದರು. ಪರಿಸರ ದಿನದ ಗಿಡಗಳ ಆಯುಸ್ಸು ಸಾಮಾನ್ಯವಾಗಿ ಫೋಟೋ ತೆಗೆಯುವ ತನಕ. ಇವು ಮಾತ್ರ ಬದುಕಿದವು, ಏಕೆಂದರೆ ಪ್ರಮೀಳಾ ಬಿಡುವವಳಲ್ಲ. ತುಮಕೂರಿನ ಬಟವಾಡಿಯ ಬಾಡಿಗೆ ಮನೆಯಿಂದ ಎರಡು ಬಸ್ಸು ಬದಲಿಸಿ, ಗುಬ್ಬಿ ದಾಟಿ ಬರುತ್ತಿದ್ದ ಈ ವಿಜ್ಞಾನದ ಮೇಷ್ಟ್ರಮ್ಮ ಬೇಸಿಗೆ ರಜೆಯಲ್ಲೂ ಬಂದು ಮಕ್ಕಳಿಂದ ಬಿಂದಿಗೆ ಹೊರಿಸಿದ್ದಳು, ತಾನೂ ಹೊತ್ತಿದ್ದಳು. ಬಸರಿಯನ್ನು ನೆಟ್ಟವಳು ರೂಪಶ್ರೀ. ಆಗ ಏಳನೇ ಕ್ಲಾಸು, ಈಗ ಹತ್ತು. ಗಿಡ ಎರಡಾಳು ಎತ್ತರ ಬೆಳೆದಿತ್ತು. ನಾಡಿದ್ದು ಸೋಮವಾರ ತುಮಕೂರಿನಿಂದ ಜಿಲ್ಲಾ ಬಹುಮಾನದ ತಂಡ ಇವನ್ನೇ ನೋಡಲು ಬರುವುದಿತ್ತು.

ಒದ್ದೆ ಮಣ್ಣು ನೋಡುತ್ತಾ ನಿಂತ ಪ್ರಮೀಳಾಗೆ ಪುಟ್ಟರಂಗಯ್ಯ ನೆನಪಾದ.

ಪುಟ್ಟರಂಗಯ್ಯ ಊರಿನ ನೀರುಗಂಟಿ. ತೂಬು ಎತ್ತಿ ಗದ್ದೆಗೆ ನೀರು ಬಿಡುವುದು, ಏರಿ ಕಾಯುವುದು ಅವನ ಮನೆತನದ ಕೆಲಸ. ಕೆರೆ ಒಣಗಿ, ಊರೆಲ್ಲ ಬೋರ್‌ವೆಲ್ ಆದಮೇಲೆ ಅವನನ್ನು ಕೇಳುವವರಿರಲಿಲ್ಲ. ಗಿಡ ನೆಟ್ಟ ಮೊದಲ ವರ್ಷ ದಿನಕ್ಕೊಂದೆರಡು ಸಸಿ ಕಿತ್ತು ಬಿದ್ದಿರುತ್ತಿದ್ದವು. ಮಕ್ಕಳು ಬೆಳಿಗ್ಗೆ ಹೊಂಗೆ ಪೊದೆಯ ಹಿಂದೆ ಕಾದು ಕೂತು ಕಳ್ಳನನ್ನು ಹಿಡಿದರು. ಅವನ ಕೈ ಹಿಡಿದುಕೊಂಡವಳು ಇದೇ ರೂಪಶ್ರೀ. ಪ್ರಮೀಳಾ ಮುದುಕನನ್ನು ಪ್ರಾರ್ಥನೆಯ ಹೊತ್ತಿಗೆ ಶಾಲೆಗೆ ಕರೆಸಿ, ಇನ್ನೂರು ಮಕ್ಕಳ ಮುಂದೆ ನಿಲ್ಲಿಸಿದಳು. ಅವನು "ಏರಿಗೆ..." ಎಂದು ಬಾಯಿ ತೆಗೆದಿದ್ದ. "ನೆಪ ಬೇಡಿ ಯಜಮಾನ್ರೇ, ತಪ್ಪಾಯ್ತು ಅನ್ನಿ ಸಾಕು," ಎಂದಿದ್ದಳು. ಅಂದ. ಏರಿಯ ಮೇಲೆ ಇನ್ನು ಕಾಲಿಡುವುದಿಲ್ಲ ಎಂದೂ ಹೇಳಿದ. ಮಕ್ಕಳು ಚಪ್ಪಾಳೆ ತಟ್ಟಿದರು, ಕಿತ್ತ ಜಾಗಕ್ಕೆಲ್ಲ ಹೊಸ ಸಸಿ ನೆಟ್ಟರು. ಅಂದಿನಿಂದ ಅವನು ಏರಿ ಕಡೆ ಸುಳಿದಿರಲಿಲ್ಲ.

ಹೆಡ್‌ಮಾಸ್ಟರ್ ಗಂಗಾಧರ್ ಶಾಲೆಯಲ್ಲಿ ಪ್ರಮೀಳಾಳ ಮೊಬೈಲಿನಲ್ಲಿ ಒದ್ದೆ ನೆಲದ ಫೋಟೋ ನೋಡಿ ಮುಖ ಹಿಂಡಿದರು. "ಪಂಚಾಯ್ತಿಗೆ ಫೋನ್ ಮಾಡಿದೀನಿ ಮೇಡಂ. ಇಂಜಿನಿಯರ್ ಬುಧವಾರ ಬರ್ತಾರಂತೆ. ಸೋಮವಾರದ್ದೊಂದು ಮುಗೀಲಿ. ಕೆರೆ ಏನ್ ನಮ್ದಾ?"

"ಗಿಡ ನಮ್ದಲ್ವಾ ಸಾರ್?" ಎಂದಳು ಪ್ರಮೀಳಾ. ಅವರು ಮೊಬೈಲನ್ನು ಹಿಂದಕ್ಕೆ ಕೊಟ್ಟರು.

ಪುಟ್ಟರಂಗಯ್ಯ ಮನೆ ಜಗಲಿಯ ಮೇಲೆ ಕೂತು ತೆಂಗಿನ ಗರಿ ಸೀಳಿ ಕಡ್ಡಿ ತೆಗೆಯುತ್ತಿದ್ದ. ಮೇಡಮ್ಮನನ್ನು ಕಂಡು ಎದ್ದು ನಿಂತ. ಒಂದು ಮಂಡಿ ಸರಿಯಾಗಿ ಮಡಚುತ್ತಿರಲಿಲ್ಲ, ಗೋಡೆ ಹಿಡಿದೇ ಎದ್ದ. ಆ ಮರ್ಯಾದೆ ಅವಳನ್ನು ಇನ್ನಷ್ಟು ಚುಚ್ಚಿತು.

"ಏರಿ ಹತ್ರ ಒಂದ್ಸಲ ಬರ್ಬೇಕು ಯಜಮಾನ್ರೇ. ಜೌಗು ಕಾಣಿಸ್ಕೊಂಡಿದೆ."

"ಏರಿ ಮ್ಯಾಕೆ ಕಾಲಿಕ್ಕಕ್ಕಿಲ್ಲ ಅಂತ ಸ್ಕೂಲ್ ಮುಂದೆ ಹೇಳಿವ್ನಲ್ಲ ಮೇಡಮ್ಮ. ಮಾತು ಅಂದ್ರೆ ಮಾತು. ನೀವೇ ನೋಡ್ಕಳಿ." ಮತ್ತೆ ಕೂತು ಗರಿ ಎತ್ತಿಕೊಂಡ.

ಪ್ರಮೀಳಾಳ ಜೊತೆಗಿದ್ದ ರೂಪಶ್ರೀ ಮುಂದೆ ಬಂದು ಜಗಲಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತಳು.

"ತಾತ, ಅವತ್ತು ಯಾಕ್ ಕೀಳ್ತಿದ್ದೆ?"

ಮುದುಕ ಕೈ ನಿಲ್ಲಿಸಿ ಹುಡುಗಿಯನ್ನು ನೋಡಿದ. ಈ ಪ್ರಶ್ನೆಯನ್ನು ಮೂರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

"ಏರಿ ಮ್ಯಾಲೆ ಮರ ಬೆಳೀಬಾರ್ದು ಕಣವ್ವ. ನಮ್ಮಪ್ಪ ಚಿಗುರು ಕಂಡ್ರೆ ಕಿತ್ತಾಕೋನು, ಅವ್ರಪ್ಪನೂ ಅಷ್ಟೇಯ. ಬೇರು ಮಣ್ಣ ಸೀಳ್ಕಂಡು ಒಳಿಕ್ಕೋಯ್ತದೆ. ಗಾಳಿ ಬಂದ್ರೆ ಮರ ಅಳ್ಳಾಡ್ತದೆ, ಬೇರೂ ಅಳ್ಳಾಡ್ತದೆ. ನೀರು ಅದೇ ಜಾಡು ಇಡ್ಕಂಡು ಈಚಿಕ್ಕೆ ಬತ್ತದೆ. ಕೆರೆ ಒಣಗಿದ್ದಾಗ ಗೊತ್ತಾಗಕ್ಕಿಲ್ಲ ಬುಡು."

ಪ್ರಮೀಳಾ ಕುಣಿಗಲ್ಲಿನವಳು. ಚಿಕ್ಕಂದಿನಲ್ಲಿ ಕೆರೆ ಏರಿಯ ಮೇಲೇ ನಡೆದು ಶಾಲೆಗೆ ಹೋಗಿದ್ದವಳು. ಆ ಏರಿಯನ್ನು ಯಾರು ನೋಡಿಕೊಳ್ಳುತ್ತಾರೆಂದು ಒಂದು ದಿನವೂ ಯೋಚಿಸಿರಲಿಲ್ಲ. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

"ತಪ್ಪು ನಂದು ಯಜಮಾನ್ರೇ. ಮಕ್ಕಳದ್ದಲ್ಲ. ನಿಮ್ಮ ಬಾಯಿ ಮುಚ್ಚಿಸಿದವಳು ನಾನು."

ಅವನು ಗರಿಯನ್ನು ಪಕ್ಕಕ್ಕಿಟ್ಟು, "ಬರೋ ನೀರು ತಿಳಿಯಾಗಿ ಅದಾ, ಬಗ್ಗಡವಾ?" ಎಂದ.

ಅದನ್ನು ಇಬ್ಬರೂ ಗಮನಿಸಿರಲಿಲ್ಲ.

"ತಿಳಿ ನೀರಾದ್ರೆ ಪರ್ವಾಗಿಲ್ಲ. ಬಗ್ಗಡ ಬಂದ್ರೆ ಏರಿ ಒಳಗಿನ ಮಣ್ಣು ಕೊಚ್ಕಂಡು ಬತ್ತಾ ಅದೆ ಅಂತ." ಗೋಡೆ ಹಿಡಿದು ಎದ್ದ. ಟವೆಲ್ ಹೆಗಲಿಗೆ ಹಾಕಿಕೊಂಡು ಅವರಿಗಿಂತ ಮುಂದೆಯೇ ಹೊರಟ.

ಬಸರಿ ಬುಡದಲ್ಲಿ ಮಂಡಿಯೂರಿ, ಜಿನುಗುತ್ತಿದ್ದ ಕಡೆ ಬೊಗಸೆ ಹಿಡಿದು ನೋಡಿದ. ನೀರು ಟೀ ಬಣ್ಣಕ್ಕಿತ್ತು.

ಮುಂದಿನದೆಲ್ಲ ಆತುರಾತುರವಾಗಿ ನಡೆಯಿತು. ಪುಟ್ಟರಂಗಯ್ಯ ತುಕ್ಕು ಹಿಡಿದ ತೂಬನ್ನು ನಾಲ್ಕು ಜನರಿಂದ ಎತ್ತಿಸಿ ನೀರು ಇಳಿಯಲು ಬಿಟ್ಟ. ಪ್ರಮೀಳಾ ಶಾಲೆಗೆ ಓಡಿ, ಮನೆಗೆ ಹೊರಟಿದ್ದ ಮಕ್ಕಳನ್ನು ಮೈದಾನದಲ್ಲೇ ನಿಲ್ಲಿಸಿದಳು.

"ಏರಿ ಮೇಲೆ ಗಿಡ ನೆಡಿ ಅಂತ ನಿಮಗೆ ಹೇಳಿಕೊಟ್ಟಿದ್ದು ತಪ್ಪು," ಎಂದಳು. "ಪುಟ್ಟರಂಗಯ್ಯನೋರು ಗಿಡ ಕಿತ್ತಿದ್ದು ಊರು ಉಳೀಲಿ ಅಂತ. ನಾನು ಕೇಳಿಸ್ಕೊಳ್ಳಲಿಲ್ಲ. ಅವತ್ತು ಇಲ್ಲಿ ನಿಂತು ತಪ್ಪಾಯ್ತು ಅನ್ನಬೇಕಾಗಿದ್ದು ನಾನು. ಗಿಡ ಎಲ್ಲಾ ಇವತ್ತೇ ಕಡೀಬೇಕು."

ಹಿಂದಿನ ಸಾಲಿನಿಂದ ಒಬ್ಬ ಹುಡುಗ, "ಅರವತ್ತೂನಾ ಮಿಸ್?" ಎಂದ. ಸಣ್ಣವಳೊಬ್ಬಳು ಬಿಕ್ಕತೊಡಗಿದಳು. ಕೆಲವರು ಮಿಸ್ಸಿನ ಮುಖವನ್ನು, ಹೊಸಬರನ್ನು ನೋಡುವ ಹಾಗೆ ನೋಡಿದರು. ಅದನ್ನು ಸಹಿಸಿಕೊಳ್ಳುವುದು ಪ್ರಮೀಳಾಗೆ ಅಳು ಕೇಳಿಸಿಕೊಳ್ಳುವುದಕ್ಕಿಂತ ಕಷ್ಟವಾಯಿತು.

ಗಂಗಾಧರ್ ವರಾಂಡದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಬಹುಮಾನ ಹೋಯ್ತು," ಎಂದರು. ಆಮೇಲೆ ಜೇಬಿನಿಂದ ಬೀಗದ ಕೈ ತೆಗೆದು, "ಶೌಚಾಲಯದ ಕೆಲಸಕ್ಕೆ ತರಿಸಿದ ಮರಳು, ಜಲ್ಲಿ ಹಿಂದುಗಡೆ ಇದೆ. ತಗೊಂಡು ಹೋಗಿ," ಎಂದರು.

ಮೊದಲ ಏಟು ಪ್ರಮೀಳಾಳೇ ಹಾಕಿದಳು. ಬಸರಿಗೆ. ಮಚ್ಚು ಹಿಡಿದು ಅಭ್ಯಾಸವಿಲ್ಲ. ನಾಲ್ಕು ಏಟಿಗೂ ತೊಗಟೆ ಮಾತ್ರ ಎದ್ದು ಹಾಲು ಸುರಿಯಿತು. ರೂಪಶ್ರೀ ತುಟಿ ಕಚ್ಚಿಕೊಂಡು ನೋಡುತ್ತಿದ್ದವಳು, ತಾನೇ ಹೋಗಿ ಗಿಡದ ಕಾಂಡವನ್ನು ಬಗ್ಗಿಸಿ ಹಿಡಿದುಕೊಂಡಳು. ಗಿಡ ಮುರಿದು ಬಿದ್ದಾಗ ಅವಳು ಆ ಕಡೆ ತಿರುಗಿ ನಿಂತಳು. ಉಳಿದವನ್ನು ಊರಿನವರು ಕಡಿದರು.

"ಬೇರು ಈಗ ಕೀಳಬ್ಯಾಡಿ, ತೂತಾಯ್ತದೆ," ಎಂದು ಪುಟ್ಟರಂಗಯ್ಯ ಕೂಗುತ್ತಿದ್ದ. "ಬ್ಯಾಸ್ಗೇಲಿ ನೀರಿಳಿದ್ಮ್ಯಾಲೆ ತೆಗ್ದು ಜೇಡಿಮಣ್ಣು ತುಂಬಾನ. ಲೇ ಹುಡುಗ್ರಾ, ಮದ್ಲು ಮರ್ಳು, ಆಮ್ಯಾಕೆ ಜಲ್ಲಿ, ಆಮ್ಯಾಕೆ ಕಲ್ಲು! ನೀರು ಬರ್ಲಿ, ಮಣ್ಣು ಬರ್ಬಾರ್ದು. ತಿಳೀತಾ?"

ಮಕ್ಕಳು ಸಾಲು ನಿಂತು ಬಾಂಡ್ಲಿ ಸಾಗಿಸಿದರು. ಸಂಜೆ ಬಸ್ಸಿನ ಹೊತ್ತಿಗೆ ಪ್ರಮೀಳಾಳ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು.

ಮರುದಿನ ಭಾನುವಾರ. ಅವಳು ಮೊದಲ ಬಸ್ಸಿಗೇ ಬಂದಳು. ಊರು ನಿಂತೇ ಇತ್ತು, ಒಲೆಯ ಹೊಗೆ ಏಳುತ್ತಿತ್ತು. ಏರಿ ಅರವತ್ತು ಮೋಟುಗಳೊಂದಿಗೆ ಬೋಳಾಗಿತ್ತು. ನೋಡಲು ಆಗಲಿಲ್ಲ, ತಲೆ ತಗ್ಗಿಸಿಕೊಂಡು ಇಳಿದಳು. ಕೆಳಗೆ ಕಲ್ಲುಗುಡ್ಡೆಯ ಸುತ್ತ ಹತ್ತಿಪ್ಪತ್ತು ಮಕ್ಕಳು ಆಗಲೇ ಸೇರಿದ್ದರು. ನಡುವೆ ಪುಟ್ಟರಂಗಯ್ಯ. ಯಾರೂ "ಗುಡ್ ಮಾರ್ನಿಂಗ್ ಮಿಸ್" ಅನ್ನಲಿಲ್ಲ. ಎಲ್ಲರ ಕಣ್ಣೂ ಕಲ್ಲಿನ ಸಂದಿಯಿಂದ ಇಳಿಯುತ್ತಿದ್ದ ಬೆರಳು ಗಾತ್ರದ ನೀರಿನ ಮೇಲಿತ್ತು. ಅವಳು ಹಿಂದೆಯೇ ನಿಂತಳು.

ಮುದುಕ ಕಷ್ಟಪಟ್ಟು ಮಂಡಿಯೂರಿ ಬೊಗಸೆ ಒಡ್ಡಿದ. ತುಂಬಿದ ಮೇಲೆ ಎದ್ದು, ಬೆಳಕಿಗೆ ಹಿಡಿದು ನೋಡಿದ. ಮೊದಲು ರೂಪಶ್ರೀಗೆ ತೋರಿಸಿದ.

"ತಿಳಿ!" ಎಂದಳು ಅವಳು. "ತಾತ, ನಿನ್ ಕೈಗೆರೆ ಕಾಣ್ತವೆ!"

ನಂಗೆ, ನಂಗೆ ಎಂದು ಮಕ್ಕಳೆಲ್ಲ ನೂಕಾಡಿದರು. ಅವನು ಒಬ್ಬೊಬ್ಬರ ಮುಂದೆಯೂ ಬೊಗಸೆ ಹಿಡಿಯುತ್ತಾ ಬಂದ. ಕೊನೆಗೆ ಪ್ರಮೀಳಾಳ ಮುಂದೆ ನಿಂತಾಗ ನೀರು ಬೆರಳ ಸಂದಿಯಿಂದ ಸೋರಿ ಮುಗಿದಿತ್ತು, ಕೈ ಬರೀ ಒದ್ದೆ.

"ಇರ್ಲಿ ಬಿಡಿ ಯಜಮಾನ್ರೇ," ಎಂದಳು.

"ನಿಂತ್ಕಳಿ ಮೇಡಮ್ಮ," ಎಂದು ಅವನು ಹಿಂದಿರುಗಿ ಹೋದ. ರೂಪಶ್ರೀಯ ಭುಜ ಹಿಡಿದುಕೊಂಡು, ಮಡಚದ ಮಂಡಿಯನ್ನು ಮೆಲ್ಲಗೆ ಮಡಚಿ, ಇನ್ನೊಂದು ಸಲ ನೀರಿಗೆ ಬಗ್ಗಿದ.